ಹುಣ್ಣಿನೊಳಗಿನ ಕಂಕರ್

ಗಂಗಾವತಿ ಸುತ್ತ ಬೇಸಿಗೆ ಭತ್ತ ಕೊಯ್ದಾದ ಮೇಲೆ ಕುರಿಗಾರರು ಬಂದು ಗದ್ದೆಯಲ್ಲಿ ಕುರಿ ನಿಲ್ಲಿಸುತ್ತಾರೆ. ಅವರ ಹಾಸಿಗೆ, ಪಾತ್ರೆ, ಎಳೆ ಮರಿ ಎಲ್ಲ ಹೊರುವುದು ಕುದುರೆ. ಅಂಥದೊಂದು ಕುದುರೆಯ ಹುಣ್ಣಿನಲ್ಲಿ ನಾನು ಎರಡು ವಾರ ದಾರಿ ತಪ್ಪಿದ್ದೆ.

ಹಿಂಗಾಲಿನ ಗೆಣ್ಣಿನ ಹತ್ತಿರ ಮೂಸಂಬಿಯಷ್ಟು ಗಡ್ಡೆ. ಮೇಲೆಲ್ಲ ಹಸಿ ಮಾಂಸ, ಲೋಳೆ ದಾರ ದಾರವಾಗಿ ಇಳಿಯುತ್ತಿತ್ತು. ಕುದುರೆ ಕಾಲಿನ ಗಾಯದಲ್ಲಿ ಮಾಂಸ ಜಾಸ್ತಿ ಬೆಳೆಯುವುದು ಹೊಸದೇನಲ್ಲ ಅಲ್ವಾ? ಕೆತ್ತಿ, ಬ್ಯಾಂಡೇಜ್ ಕಟ್ಟಿ, ಧನುರ್ವಾಯು ಇಂಜೆಕ್ಷನ್ ಕೊಟ್ಟು ಕಳಿಸಿದೆ. ವಾರಕ್ಕೆ ಮತ್ತೆ ಅಷ್ಟೇ ಬೆಳೆದಿತ್ತು. ನೊಣ ತರುವ ಹುಳುವಿನ ಹುಣ್ಣಿರಬಹುದು ಅಂತ ಐವರ್ಮೆಕ್ಟಿನ್ ಕೊಟ್ಟೆ. ಅದಕ್ಕೂ ಜಗ್ಗಲಿಲ್ಲ.

"ಸಾಹೇಬ್ರ, ರಾತ್ರಿಯೆಲ್ಲ ಬಾಯಿಲೆ ಕಡಕೊಂತೈತ್ರಿ," ಅಂದರು ಯಜಮಾನರು. ಇದನ್ನು ನಾನು ಮೊದಲ ದಿನವೇ ಕೇಳಬೇಕಿತ್ತು. ಸುಮ್ನೆ ಬೆಳೆದ ಮಾಂಸ ಅಷ್ಟೊಂದು ತುರಿಸುವುದಿಲ್ಲ.

ಗಡ್ಡೆಯಲ್ಲಿ ಸಣ್ಣ ತೂತುಗಳಿದ್ದವು. ಒಂದರೊಳಗೆ ಫೋರ್ಸೆಪ್ಸ್ ಹಾಕಿ ಎಳೆದರೆ ಹಳದಿ ಮಿಶ್ರಿತ ಬಿಳಿ ತುಂಡೊಂದು ಬಂತು. ಹವಳದ ಹಾಗೆ ಕವಲು ಕವಲು, ಬೆರಳಲ್ಲಿ ಉಜ್ಜಿದರೆ ಮರಳು ಮರಳು. ಪುಸ್ತಕದಲ್ಲೂ ಇದರ ಹೆಸರು ಕಂಕರ್. ಕುದುರೆ ಹುಣ್ಣಿನಲ್ಲಿ ಇದು ಸಿಕ್ಕರೆ ಮೊದಲ ಅನುಮಾನ ಪಿಥಿಯಂ ಮೇಲೆ.

ಪಿಥಿಯಂ ಎಳೆ ಎಳೆಯಾಗಿ ಬೂಷ್ಟಿನಂತೆ ಬೆಳೆಯುತ್ತದೆ, ಆದರೆ ನಿಜವಾದ ಫಂಗಸ್ ಅಲ್ಲ. ನಿಂತ ಬೆಚ್ಚನೆ ನೀರಲ್ಲಿ ಅದರ ಕಣಗಳು ಈಜಿ ಬಂದು ಗಾಯಕ್ಕೆ ಅಂಟುತ್ತವೆ. ಕಾಲುವೆ ನೀರು ನಿಂತ ಗದ್ದೆ, ಕೂಳೆ ಚುಚ್ಚಿದ ಕಾಲು, ಇನ್ನೇನು ಬೇಕು? ಹೆಚ್ಚಿನ ಫಂಗಸ್ ಔಷಧಿಗಳು ಎರ್ಗೋಸ್ಟೆರಾಲ್ ಅನ್ನೋ ಕೊಬ್ಬನ್ನು ಹಿಡಿದು ಕೆಲಸ ಮಾಡುತ್ತವೆ. ಇದರ ಪೊರೆಯಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಮುಲಾಮು ಹಚ್ಚುತ್ತಾ ಕೂರುವ ರೋಗ ಇದಲ್ಲ, ಬೇಗ ಕತ್ತರಿಸಬೇಕು.

ಅರಿವಳಿಕೆ ಕೊಟ್ಟು ಮಲಗಿಸಿ, ಸುತ್ತಲಿನ ಒಳ್ಳೆ ಚರ್ಮವನ್ನೂ ಸ್ವಲ್ಪ ಸೇರಿಸಿ ತೆಗೆದೆ. ಕಾಲಲ್ಲಿ ಅಡಿಯಲ್ಲೇ ಎಲುಬು, ನರ. ಬೇಕಾದಷ್ಟು ಅಗಲ ಸಿಗುವುದಿಲ್ಲ. ಒಂದು ತುಂಡು ಫಾರ್ಮಲಿನ್‌ಗೆ ಹಾಕಿದೆ. ಕಲ್ಚರ್‌ಗೆ ಇಟ್ಟ ಇನ್ನೊಂದನ್ನು ಅಭ್ಯಾಸಬಲದಿಂದ ಐಸ್ ಡಬ್ಬಿಗೆ ಹಾಕಲು ಹೋಗಿದ್ದೆ! ತಣ್ಣಗಾದರೆ ಪಿಥಿಯಂ ಬೆಳೆಯುವುದು ಕಷ್ಟ. ಸಾದಾ ಡಬ್ಬಿಯಲ್ಲೇ ಎರಡನ್ನೂ ಬೀದರಿನ ಪಶುವೈದ್ಯಕೀಯ ಕಾಲೇಜಿಗೆ ಕಳಿಸಿದೆ. ಮಾಮೂಲಿ ಬಣ್ಣದಲ್ಲಿ ಎಳೆಗಳು ಸರಿಯಾಗಿ ಕಾಣುವುದಿಲ್ಲ, ಸಿಲ್ವರ್ ಸ್ಟೇನ್ ಮಾಡಿ ಅಂತ ಚೀಟಿಯನ್ನೂ ಇಟ್ಟಿದ್ದೆ. ಪಿಥಿಯಂ ಅಂತಲೇ ಬಂತು.

ಹತ್ತನೇ ದಿನ ಅಂಚಿನಲ್ಲಿ ಕಡಲೆಕಾಳಿನಷ್ಟು ಕೆಂಪು ಗಂಟು. ಅವತ್ತೇ ಮತ್ತೆ ಕತ್ತರಿಸಿದೆ. ಬಾಯಿಗೆ ಪೊಟ್ಯಾಸಿಯಂ ಅಯೋಡೈಡ್ ಶುರು ಮಾಡಿದೆ. ಕಣ್ಣಲ್ಲಿ ನೀರು, ಚರ್ಮದಲ್ಲಿ ಹೊಟ್ಟು ಕಂಡರೆ ನಿಲ್ಲಿಸಿ ಅಂತ ಹೇಳಿದ್ದೆ.

ಕುದುರೆಯನ್ನು ಕುಷ್ಟಗಿ ಕಡೆಯ ಅವರ ಊರಲ್ಲಿ, ಒಣ ಜಾಗದಲ್ಲಿ ಬಿಡಿ ಅಂತ ಒಪ್ಪಿಸಲು ಆಪರೇಷನ್‌ಗಿಂತ ಜಾಸ್ತಿ ಹೊತ್ತು ಹಿಡಿಯಿತು. "ಹೇರು ಯಾರು ಹೊರ್ತಾರ್ರಿ?" ಅಂತ ಅವರ ಪ್ರಶ್ನೆ. ಕೊನೆಗೆ ಅಣ್ಣನ ಕುದುರೆ ತಂದರು. ಎರಡು ತಿಂಗಳ ಮೇಲೆ ಫೋನಿಗೆ ಫೋಟೋ ಕಳಿಸಿದ್ದರು. ಚರ್ಮ ಕೂಡಿತ್ತು, ಆ ಜಾಗದಲ್ಲಿ ಕೂದಲು ಮಾತ್ರ ಬಿಳಿ ಬಂದಿತ್ತು.