ನೀರಿಗೆ ಹಾಕುವ ಮೊದಲೇ ಕೂದಲು ತೆಗೆಯಿರಿ: ಸೋಫಾ, ಹಾಸಿಗೆ, ಬಟ್ಟೆಗೆ ನಾನು ಅನುಸರಿಸುವ ಕ್ರಮ

ನಾಯಿ, ಬೆಕ್ಕು ಸಾಕಿದ ಮನೆಗಳಲ್ಲಿ ಕೂದಲಿನ ಕೆಲಸ ಕೆಡುವುದು ಹೆಚ್ಚಾಗಿ ಒಂದೇ ಕಾರಣಕ್ಕೆ. ಬೆಡ್‌ಶೀಟು, ಸೋಫಾ ಕವರು ಎಲ್ಲವನ್ನೂ ಕೂದಲಿನ ಸಮೇತ ಮಷಿನ್‌ಗೆ ತುಂಬಿಬಿಡುತ್ತಾರೆ. ಒಗೆದರೆ ಕೊಳೆ ಹೋಗುತ್ತದೆ, ಕೂದಲು ಉಳಿಯುತ್ತದೆ. ಒದ್ದೆಯಾದ ಕೂದಲು ನೂಲಿಗೆ ಅಂಟುತ್ತದೆ, ಡ್ರಮ್ ತಿರುಗುವಾಗ ನೇಯ್ಗೆಯ ಸಂದಿಗೆ ಇಳಿಯುತ್ತದೆ, ಸ್ಪಿನ್ ಆಗುವಾಗ ಅಲ್ಲೇ ಒತ್ತಿ ಕೂರುತ್ತದೆ. ನನ್ನ ಇಡೀ ಕ್ರಮ ನಿಂತಿರುವುದು ಒಂದು ನಿಯಮದ ಮೇಲೆ: ಬಟ್ಟೆ ಒಣಗಿರುವಾಗಲೇ ಕೂದಲು ತೆಗೆಯಬೇಕು, ನೀರು ಆಮೇಲೆ.

ಯಾವ ಕೂದಲು ಅನ್ನುವುದು ಮೊದಲು ಗೊತ್ತಿರಬೇಕು. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್, ಪೊಮೆರೇನಿಯನ್‌ಗಳ ಮೈಮೇಲೆ ಎರಡು ಪದರ ಇರುತ್ತದೆ. ಮೇಲಿನದು ಬಿರುಸು, ಒಳಗಿನದು ಮೆತ್ತಗಿನ ಉಣ್ಣೆ. ಬಿರುಸಾದ ಗಿಡ್ಡ ಕೂದಲು ಬಟ್ಟೆಗೆ ಚುಚ್ಚಿಕೊಂಡು ನಿಲ್ಲುತ್ತದೆ. ಬೀಗಲ್, ಪಗ್, ಮುಧೋಳ, ನಮ್ಮ ಬೀದಿ ನಾಯಿಗಳದ್ದೂ ಇದೇ ಸ್ವಭಾವ. ಒಳಪದರದ ಉಣ್ಣೆ ಮತ್ತು ಬೆಕ್ಕಿನ ಕೂದಲು ಚುಚ್ಚುವುದಿಲ್ಲ, ಮೇಲ್ಮೈಗೆ ತೆಳುವಾಗಿ ಅಂಟಿ ಹರಡುತ್ತದೆ. ಚುಚ್ಚಿದ್ದನ್ನು ಕೀಳಲು ಘರ್ಷಣೆ ಬೇಕು, ಅಂದರೆ ರಬ್ಬರು. ಅಂಟಿದ್ದನ್ನು ಬಿಡಿಸಲು ಸ್ಥಿರ ವಿದ್ಯುತ್ತನ್ನು ಇಳಿಸಬೇಕು, ಅಂದರೆ ಒಂಚೂರು ತೇವ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಕಲಬುರಗಿ, ವಿಜಯಪುರದ ಒಣ ಹವೆಯಲ್ಲಿ ಪಾಲಿಯೆಸ್ಟರ್ ಕವರಿಗೆ ಕೂದಲು ಹಾರಿ ಬಂದು ಹಿಡಿಯುವುದು ಈ ವಿದ್ಯುತ್ತಿನಿಂದಲೇ. ಮಳೆಗಾಲದ ಮಲೆನಾಡಿನಲ್ಲಿ ಸ್ಥಿರ ವಿದ್ಯುತ್ತಿನ ಕಾಟ ಕಡಿಮೆ, ಆದರೆ ಬಟ್ಟೆಯ ತಂಪು ಆರುವುದೇ ಇಲ್ಲ. ಅಲ್ಲಿ ಫ್ಯಾನಿನ ಕೆಳಗೆ ಪೂರ್ತಿ ಒಣಗಿಸಿ ಅಥವಾ ಇಸ್ತ್ರಿ ಮಾಡಿ ಆಮೇಲೆ ಕೂದಲಿಗೆ ಕೈ ಹಾಕಬೇಕು.

ಸೋಫಾಕ್ಕೆ ಬರೋಣ. ಹೆಚ್ಚು ಕೆಲಸ ಇರುವುದು ಅಲ್ಲೇ.

ಮೊದಲು ಫ್ಯಾನ್ ಆರಿಸಿ. ಸೋಫಾದ ಮುಂದೆ ನೆಲಕ್ಕೆ ಒಂದು ಹಳೆಯ ಬೆಡ್‌ಶೀಟ್ ಹಾಸಿ. ಉದುರಿದ ಕೂದಲೆಲ್ಲ ಅದರ ಮೇಲೆ ಬೀಳಲಿ. ಕುಶನ್ ಎತ್ತಿ, ಸೀಟು ಮತ್ತು ಒರಗುವ ಭಾಗ ಸೇರುವ ಸಂದಿಯಿಂದ ಶುರು ಮಾಡಿ. ಮೇಲಿನ ಕೂದಲೆಲ್ಲ ಜಾರಿ ಸೇರುವುದು ಆ ಸಂದಿಗೆ. ಅದನ್ನು ಕೊನೆಗೆ ಬಿಟ್ಟರೆ ಒರೆಸಿದ ಸೀಟಿನ ಮೇಲೆ ಮತ್ತೆ ಹರಡುತ್ತದೆ. ವ್ಯಾಕ್ಯೂಮ್ ಇದ್ದರೆ ಚಪ್ಪಟೆ ಮೂತಿ ಹಾಕಿ ನಿಧಾನ ಎಳೆಯಿರಿ. ಇಲ್ಲದಿದ್ದರೆ ಎರಡು ಇಂಚಿನ ಒಣ ಪೇಂಟ್ ಬ್ರಷ್‌ನಿಂದ ಸಂದಿಯ ಉದ್ದಕ್ಕೂ ಗುಡಿಸಿ ಒಂದು ಮೂಲೆಗೆ ತನ್ನಿ. ಹೊಲಿಗೆಯ ಅಂಚಿಗೆ ಹಳೆಯ ಟೂತ್ ಬ್ರಷ್ ಸಾಕು.

ಆಮೇಲೆ ಪಾತ್ರೆ ತೊಳೆಯುವ ದಪ್ಪ ರಬ್ಬರ್ ಗ್ಲೌಸ್. ಅಂಗೈಯಲ್ಲಿ ಉಬ್ಬು ಗೆರೆಗಳಿರುವುದೇ ಬೇಕು. ಆಸ್ಪತ್ರೆಯ ತೆಳು ಗ್ಲೌಸ್ ಇದಕ್ಕೆ ಬರುವುದಿಲ್ಲ. ಗ್ಲೌಸ್ ಹಾಕಿದ ಕೈಯನ್ನು ನೀರಿನಲ್ಲಿ ಅದ್ದಿ, ಹನಿ ಬೀಳದ ಹಾಗೆ ಚೆನ್ನಾಗಿ ಕೊಡವಿ. ಬಟ್ಟೆ ಒಣಗಿರಬೇಕು, ತೇವ ರಬ್ಬರಿಗೆ ಮಾತ್ರ. ಈಗ ಅಂಗೈ ಊರಿ 15ರಿಂದ 20 ಸೆಂಟಿಮೀಟರ್‌ನಷ್ಟು ನಿಮ್ಮ ಕಡೆಗೆ ಎಳೆಯಿರಿ, ಕೈ ಎತ್ತಿ, ಮತ್ತೆ ಅಲ್ಲಿಂದಲೇ ಎಳೆಯಿರಿ. ಹಿಂದೆ ಮುಂದೆ ಉಜ್ಜಬಾರದು: ಎಳೆದಾಗ ಸುರುಳಿ ಸುತ್ತಿದ ಕೂದಲು, ತಳ್ಳಿದಾಗ ಬಿಚ್ಚಿ ಮತ್ತೆ ಒಳಗೆ ಹೋಗುತ್ತದೆ. ಮೂರು ನಾಲ್ಕು ಸಲ ಎಳೆದ ಮೇಲೆ ಕೂದಲಿನ ಸುರುಳಿಯನ್ನು ಕೈಯಿಂದ ಎತ್ತಿ ಹಾಕಿ. ರಬ್ಬರು ಬಟ್ಟೆಯನ್ನು ತುಸು ಹಿಡಿದು ಹಿಡಿದು ಬಂದರೆ ತೇವ ಸರಿಯಾಗಿದೆ ಎಂದರ್ಥ. ಸಲೀಸಾಗಿ ಜಾರುತ್ತಿದ್ದರೆ ನೀರು ಜಾಸ್ತಿಯಾಗಿದೆ, ಗ್ಲೌಸ್ ಒರೆಸಿಕೊಳ್ಳಿ. ಏನೂ ಬರುತ್ತಿಲ್ಲವಾದರೆ ದಿಕ್ಕು ಬದಲಿಸಿ, ನೇಯ್ಗೆಗೆ ಅಡ್ಡಲಾಗಿ ಎಳೆಯಿರಿ. ಚುಚ್ಚಿಕೊಂಡ ಕೂದಲು ಒಂದು ದಿಕ್ಕಿನಲ್ಲಿ ಮಲಗಿರುತ್ತದೆ, ಅದರ ಎದುರು ದಿಕ್ಕಿಗೆ ಎಳೆದರೆ ಮಾತ್ರ ಏಳುತ್ತದೆ.

ಸೀಟಿನಂಥ ಅಗಲವಾದ ಜಾಗಕ್ಕೆ ಕಿಟಕಿ ಗಾಜು ಒರೆಸುವ ರಬ್ಬರ್ ವೈಪರ್ ಬೇಗ ಆಗುತ್ತದೆ. ರಬ್ಬರ್ ಪಟ್ಟಿ ಸವೆದು ದುಂಡಗಾಗಿರಬಾರದು, ಅಂಚು ಚೂಪಾಗಿರಬೇಕು. ಪಾಲಿಯೆಸ್ಟರ್ ಬಟ್ಟೆಯಾದರೆ, ಹವೆ ತುಂಬ ಒಣಗಿರುವ ದಿನ ಸ್ಪ್ರೇ ಬಾಟಲಿಯಿಂದ ಒಂದು ಮೊಳದ ದೂರದಲ್ಲಿ ಸೀಟೊಂದಕ್ಕೆ ಎರಡು ಮೂರು ಸಲ ಒತ್ತಿದರೆ ಸಾಕು. ಮುಟ್ಟಿದರೆ ಕೈಗೆ ಒದ್ದೆ ಹತ್ತಬಾರದು. ಆ ನೀರಿಗೆ ಫ್ಯಾಬ್ರಿಕ್ ಕಂಡೀಷನರ್ ಬೆರೆಸುವ ಸಲಹೆ ಎಲ್ಲ ಕಡೆ ಓಡಾಡುತ್ತದೆ. ಬೆಕ್ಕು ಮಲಗುವ ಜಾಗಕ್ಕೆ ನಾನು ಅದನ್ನು ಬಳಸುವುದೇ ಇಲ್ಲ. ಅದರಲ್ಲಿರುವ, ಬಟ್ಟೆ ಮೆತ್ತಗಾಗಿಸುವ ಕ್ಯಾಟಯಾನಿಕ್ ರಾಸಾಯನಿಕಗಳು ಬೆಕ್ಕಿನ ಬಾಯಿಗೆ, ಹೊಟ್ಟೆಗೆ ಅಪಾಯ. ಬೆಕ್ಕು ಮೈ ನೆಕ್ಕಿಕೊಳ್ಳುವ ಪ್ರಾಣಿ, ಮೈಗೆ ಹತ್ತಿದ್ದೆಲ್ಲ ಹೊಟ್ಟೆಗೇ ಹೋಗುತ್ತದೆ. ಟೀ ಟ್ರೀ ಎಣ್ಣೆ, ನೀಲಗಿರಿ ಎಣ್ಣೆ, ಫಿನಾಯಿಲ್, ಬಟ್ಟೆ ಬೀರುವಿನ ನುಸಿಗುಳಿಗೆ ಇವೂ ಆ ಜಾಗದ ಹತ್ತಿರ ಬರಬಾರದು.

ಅಂಟಿನ ಲಿಂಟ್ ರೋಲರ್ ಕೊನೆಯ ಕೈ. ಬಹಳ ಜನ ಅದರಿಂದಲೇ ಶುರು ಮಾಡಿ, ಒಂದು ಸೋಫಾಕ್ಕೆ ಅರ್ಧ ರೋಲ್ ಖಾಲಿ ಮಾಡುತ್ತಾರೆ. ಅದು ಎತ್ತುವುದು ಮೇಲೆ ಬಿದ್ದ ಕೂದಲನ್ನು ಮಾತ್ರ, ಚುಚ್ಚಿದ್ದನ್ನು ಮುಟ್ಟುವುದಿಲ್ಲ. ರಬ್ಬರಿನ ಕೆಲಸ ಮುಗಿದ ಮೇಲಾದರೆ ಮೂರು ಸೀಟಿನ ಸೋಫಾಕ್ಕೆ ಕೆಲವೇ ಹಾಳೆ ಸಾಕಾಗುತ್ತದೆ. ರೋಲರ್ ಇಲ್ಲದಿದ್ದರೆ ಕಂದು ಬಣ್ಣದ ಪ್ಯಾಕಿಂಗ್ ಟೇಪನ್ನು ಅಂಟು ಹೊರಗೆ ಬರುವಂತೆ ಕೈಗೆ ಸುತ್ತಿಕೊಂಡು ಮೆಲ್ಲಗೆ ತಟ್ಟಬಹುದು. ಬಿಸಿಲು ಬೀಳುವ ಜಾಗದಲ್ಲಿ ಹಾಗೆ ಮಾಡಬೇಡಿ, ಬಿಸಿಗೆ ಅಂಟು ಇಳಿದು ಬಟ್ಟೆಯಲ್ಲಿ ಉಳಿಯುತ್ತದೆ. ಬಳಸಿದ ಹಾಳೆ, ಟೇಪು ಮುಚ್ಚಳವಿರುವ ಡಬ್ಬಕ್ಕೇ ಹೋಗಲಿ, ನಾಯಿಮರಿ ನುಂಗಿದರೆ ಕಷ್ಟ.

ಬಟ್ಟೆಗೆ ತಕ್ಕ ಹಾಗೆ ಕೈ ಬದಲಾಗಬೇಕು. ರೆಕ್ಸಿನ್, ಚರ್ಮಕ್ಕೆ ತೇವದ ಹತ್ತಿ ಬಟ್ಟೆ ಬಿಟ್ಟು ಬೇರೇನೂ ಬೇಡ. ವೆಲ್ವೆಟ್‌ಗೆ ನೀರೂ ಬೇಡ, ಟೇಪೂ ಬೇಡ; ಟೇಪು ಅದರ ರೋಮವನ್ನೇ ಕೀಳುತ್ತದೆ. ಒಣ ಮೃದು ಬ್ರಷ್‌ನಿಂದ ರೋಮ ಮಲಗುವ ದಿಕ್ಕಿಗೆ ಗುಡಿಸಿ. ಸಡಿಲ ನೇಯ್ಗೆಯ, ನೂಲು ಎದ್ದು ಕಾಣುವ ಬಟ್ಟೆಗೆ ರಬ್ಬರನ್ನು ಬಿರುಸಾಗಿ ಉಜ್ಜಿದರೆ ಸಣ್ಣ ಸಣ್ಣ ನೂಲಿನ ಉಂಡೆಗಳು ಏಳುತ್ತವೆ. ಸೋಫಾದ ಹಿಂಬದಿಯಲ್ಲಿ ಅಂಗೈಯಗಲ ಜಾಗದಲ್ಲಿ ಮಾಡಿ ನೋಡಿ ಮುಂದುವರಿಯಿರಿ. ಹೊಸ ಸೋಫಾ ಕೊಳ್ಳುವವರಿಗೆ ನನ್ನ ಖಚಿತ ಸಲಹೆ: ದಟ್ಟ ನೇಯ್ಗೆಯ ಕ್ಯಾನ್ವಾಸ್ ತರಹದ ಬಟ್ಟೆ ನೋಡಿ, ಪ್ರಾಣಿಯ ಕೂದಲಿನ ಬಣ್ಣಕ್ಕೆ ಹತ್ತಿರದ ಬಣ್ಣ ಆರಿಸಿ. ನಾಯಿ ಮಲಗುವ ಮೂಲೆಗೆ ಹಳೆಯ ಕಾಟನ್ ಸೀರೆಯೊಂದನ್ನು ನಾಲ್ಕು ಮಡಿಕೆ ಮಾಡಿ ಹಾಸಿದರೆ ವಾರಕ್ಕೊಮ್ಮೆ ಅದನ್ನು ಕೊಡವಿ ಒಗೆದರಾಯಿತು.

ನಮ್ಮ ಮನೆಗಳ ಹಾಸು ಹೊದಿಕೆಗಳಿಗೆ ಬೇರೆಯೇ ಕ್ರಮ ಬೇಕು, ಅಂಗಡಿಯ ರೋಲರುಗಳು ಅಲ್ಲಿ ಸೋಲುತ್ತವೆ. ಉಣ್ಣೆಯ ಕಂಬಳಿಯನ್ನು ಹಗ್ಗದ ಮೇಲೆ ಹಾಕಿ, ಮೊದಲು ಕೋಲಿನಿಂದ ಎರಡೂ ಮಗ್ಗುಲು ಬಡಿಯಬೇಕು. ಆಮೇಲೆ ತೆಂಗಿನ ನಾರಿನ ಬ್ರಷ್‌ನಿಂದ ಮೇಲಿನಿಂದ ಕೆಳಕ್ಕೆ ಒಂದೇ ದಿಕ್ಕಿಗೆ ಎಳೆಯಬೇಕು. ಅದನ್ನು ಮಷಿನ್‌ಗೆ ಹಾಕಬಾರದು. ಬಿಸಿನೀರು, ತಿಕ್ಕಾಟ ಎರಡೂ ಸೇರಿದರೆ ಉಣ್ಣೆ ಕುಗ್ಗಿ ದಪ್ಪಗಟ್ಟುತ್ತದೆ, ಒಳಗಿದ್ದ ನಾಯಿಕೂದಲು ಅದರೊಂದಿಗೆ ಹೆಣೆದುಕೊಳ್ಳುತ್ತದೆ. ಹತ್ತಿಯ ಜಮಖಾನೆ ಸುಲಭ: ಕಡ್ಡಿ ಪೊರಕೆಯಿಂದ ಪಟ್ಟೆಗಳ ಉದ್ದಕ್ಕೆ ಎರಡೂ ಕಡೆ ಗುಡಿಸಿ, ಆಮೇಲೆ ವೈಪರ್. ಕೌದಿಯಲ್ಲಿ ಕೂದಲು ನಿಲ್ಲುವುದು ಹೊಲಿಗೆಯ ಸಾಲುಗಳಲ್ಲಿ. ಹಾಗಾಗಿ ಗ್ಲೌಸಿನ ಬೆರಳ ತುದಿಯಿಂದ ಸಾಲು ಹಿಡಿದೇ ಎಳೆಯಬೇಕು, ಸಾಲಿಗೆ ಅಡ್ಡಲಾಗಿ ಎಳೆದರೆ ಹಳೆಯ ನೂಲು ಕಿತ್ತು ಬರುತ್ತದೆ.

ಬೆಡ್‌ಶೀಟನ್ನು ನಾಲ್ಕು ಮೂಲೆ ಒಳಗೆ ಮಡಚಿ ಗಂಟಿನ ಹಾಗೆ ಎತ್ತಿಕೊಂಡು ಹೋಗಿ ತಾರಸಿಯಲ್ಲಿ ಕೊಡವಿ, ಗಾಳಿ ಬೆನ್ನ ಕಡೆಯಿಂದ ಬೀಸುವಂತೆ ನಿಂತುಕೊಂಡು. ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ ಬೇಡ, ಕೆಳಗಿನ ಮನೆಯವರು ಒಣಹಾಕಿದ ಬಟ್ಟೆಯ ಮೇಲೆ ಬೀಳುತ್ತದೆ. ತಾರಸಿಗೆ ಹೋಗಲಾಗದವರು ಒಣಗಿದ ಬಾತ್‌ರೂಮಿನಲ್ಲಿ ಕೊಡವಿ, ಕೂದಲನ್ನು ನೀರು ಬಿಡದೆ ಒಣ ಕೈಯಿಂದಲೇ ಎತ್ತಲಿ. ಜಾಲರಿಯೊಳಗೆ ಹೋದರೆ ಸೋಪಿನ ಜಿಡ್ಡಿನ ಜೊತೆ ಸೇರಿ ಪೈಪು ಕಟ್ಟಿಕೊಳ್ಳುತ್ತದೆ.

ಇಷ್ಟಾದ ಮೇಲೆ ಒಗೆಯುವುದು. ಪ್ರಾಣಿಯ ಹಾಸಿಗೆಯ ಬಟ್ಟೆಗಳು ಬೇರೆ ಲೋಡ್‌ಗೇ ಹೋಗಲಿ. ಡ್ರಮ್ ಅರ್ಧ, ಹೆಚ್ಚೆಂದರೆ ಮೂರರಲ್ಲಿ ಎರಡು ಭಾಗ ತುಂಬಿರಲಿ; ಬಟ್ಟೆಗಳ ನಡುವೆ ನೀರು ಹರಿದರೆ ತಾನೇ ಉಳಿದ ಕೂದಲು ಬಿಟ್ಟು ಹೋಗುವುದು? ನೆನೆಹಾಕಬೇಡಿ. ನೀರಿನ ಮಟ್ಟ ಹೆಚ್ಚಿಗೆ ಇಡಿ, ಒಂದು ರಿನ್ಸ್ ಜಾಸ್ತಿ ಕೊಡಿ. ಟಾಪ್ ಲೋಡ್‌ನಲ್ಲಿ ನೀರು ಹೆಚ್ಚು, ಲಿಂಟ್ ಫಿಲ್ಟರ್ ಡ್ರಮ್ಮಿನ ಒಳಗೇ ಇರುತ್ತದೆ, ಕೂದಲು ಅಲ್ಲಿಗೆ ಸೇರುತ್ತದೆ. ಆ ಫಿಲ್ಟರನ್ನು ಒದ್ದೆ ಇರುವಾಗ ಉಜ್ಜಬೇಡಿ, ಒಣಗಲು ಬಿಟ್ಟರೆ ಕೂದಲು, ಜುಂಗು ಎಲ್ಲ ಒಂದೇ ಹಾಳೆಯಾಗಿ ಸುಲಿದು ಬರುತ್ತದೆ. ಫ್ರಂಟ್ ಲೋಡ್‌ನಲ್ಲಿ ನೀರು ಕಡಿಮೆ. ಅಲ್ಲಿ ಕೂದಲು ಬಾಗಿಲಿನ ರಬ್ಬರ್ ಮಡಿಕೆಯಲ್ಲಿ ಮತ್ತು ಕೆಳಗಿನ ಪಂಪ್ ಫಿಲ್ಟರ್‌ನಲ್ಲಿ ಸೇರುತ್ತದೆ. ಪ್ರತಿ ಲೋಡ್ ಆದ ಮೇಲೆ ಮಡಿಕೆ ಒರೆಸಿ. ಫಿಲ್ಟರನ್ನು ತಿಂಗಳಿಗೊಮ್ಮೆ ಬಿಚ್ಚಿ: ಪ್ಲಗ್ ತೆಗೆದು, ನೀರು ತಣ್ಣಗಿದೆ ಎಂದು ನೋಡಿಕೊಂಡು, ತಟ್ಟೆ ಇಟ್ಟು, ಸಣ್ಣ ಪೈಪ್ ಇದ್ದರೆ ಅದರಿಂದ ನೀರು ಬಸಿದು, ಆಮೇಲೆ ಮುಚ್ಚಳವನ್ನು ನಿಧಾನ ತಿರುಗಿಸಿ. ಮಷಿನ್ ನೀರು ಹೊರಹಾಕದೆ ನಡುವೆ ನಿಲ್ಲುತ್ತಿದ್ದರೆ ಮೊದಲು ನೋಡಬೇಕಾದ ಜಾಗ ಇದೇ. ಸೆಮಿ ಆಟೊಮ್ಯಾಟಿಕ್ ಆದರೆ ನೀರು ಬಿಡುವ ಪೈಪಿನ ತುದಿಗೆ ಸೊಳ್ಳೆ ಪರದೆಯ ಒಂದು ತುಂಡು ಕಟ್ಟಿ, ಪ್ರತಿ ಸಲ ಕೊಡವಿ.

ಮೃದುವಾಗಲೆಂದು ಕೊನೆಯ ರಿನ್ಸ್‌ಗೆ ಅರ್ಧ ಕಪ್ ಬಿಳಿ ವಿನೆಗರ್ ಹಾಕಬಹುದು, ಆದರೆ ಪ್ರತಿ ವಾಶ್‌ಗೂ ಬೇಡ, ಮಷಿನ್ನಿನ ರಬ್ಬರಿಗೆ ಒಳ್ಳೆಯದಲ್ಲ. ಬ್ಲೀಚ್ ಹಾಕಿದ ಲೋಡ್‌ಗೆ ವಿನೆಗರ್ ಖಂಡಿತ ಬೇಡ: ಎರಡೂ ಸೇರಿದರೆ ಕ್ಲೋರಿನ್ ಅನಿಲ ಹುಟ್ಟುತ್ತದೆ.

ಕೂದಲೇ ಇಲ್ಲದ ಮನೆಯಲ್ಲೂ ಕಪ್ಪು ಪ್ಯಾಂಟಿಗೆ ಬಿಳಿ ಜುಂಗು ಹತ್ತುವುದುಂಟು. ಕೆಲವು ಬಟ್ಟೆ ಜುಂಗು ಬಿಡುತ್ತವೆ: ಟರ್ಕಿ ಟವೆಲ್, ಫ್ಲಾನೆಲ್, ಹೊಸ ಹತ್ತಿ ಬಟ್ಟೆ. ಕೆಲವು ಹಿಡಿಯುತ್ತವೆ: ಕಾರ್ಡ್ರಾಯ್, ವೆಲ್ವೆಟ್, ಗಾಢ ಬಣ್ಣದ ಪಾಲಿಯೆಸ್ಟರ್. ಇವೆರಡನ್ನು ಒಂದೇ ಲೋಡ್‌ಗೆ ಹಾಕದಿದ್ದರೆ ಅರ್ಧ ತೊಂದರೆ ತಪ್ಪುತ್ತದೆ. ಹಿಡಿಯುವ ಬಟ್ಟೆಯನ್ನು ಒಳಮೈ ಹೊರಗೆ ಮಾಡಿ ಹಾಕಿ. ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಬಾರ್ ಸೋಪು ಬಳಸಿದರೆ ಕ್ಯಾಲ್ಸಿಯಂ ಜೊತೆ ಸೇರಿ ಜಿಗುಟಾದ ಬಿಳಿ ಪದರ ಬಟ್ಟೆಯಲ್ಲಿ ಉಳಿಯುತ್ತದೆ, ಜುಂಗು, ಕೂದಲು ಎರಡನ್ನೂ ಅದು ಹಿಡಿದಿಡುತ್ತದೆ. ಅಂಥ ನೀರಿಗೆ ಡಿಟರ್ಜೆಂಟೇ ಸರಿ, ಅದೂ ಅಳತೆಗಿಂತ ಹೆಚ್ಚು ಹಾಕದೆ. ಜೇಬಿನಲ್ಲಿ ಟಿಶ್ಯೂ ಉಳಿದು ಚೂರು ಚೂರಾಗಿದ್ದರೆ ಕೂಡಲೇ ಮತ್ತೆ ಒಗೆಯಬೇಡಿ. ಪೂರ್ತಿ ಒಣಗಿಸಿ ಕೊಡವಿದರೆ ಬಹುಪಾಲು ಉದುರುತ್ತದೆ, ಉಳಿದದ್ದಕ್ಕೆ ರೋಲರ್. ಸ್ವೆಟರಿನ ನೂಲುಂಡೆಗೆ ಬ್ಯಾಟರಿಯ ಫ್ಯಾಬ್ರಿಕ್ ಶೇವರ್ ಒಳ್ಳೆಯದು, ಬಟ್ಟೆಯನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಹರಡಿ ಮೆಲ್ಲಗೆ ಸುತ್ತಿಸಿ. ಪ್ರಾಣಿಯ ಕೂದಲಿಗೆ ಅದನ್ನು ಬಳಸಿದರೆ ಕೂದಲು ಬ್ಲೇಡಿನ ಕಡ್ಡಿಗೆ ಸುತ್ತಿ ಮೋಟಾರು ನಿಲ್ಲುತ್ತದೆ. ರೇಷ್ಮೆ ಸೀರೆಗೆ, ಅದರಲ್ಲೂ ಜರಿಯಿದ್ದರೆ, ಟೇಪು, ರೋಲರ್, ರಬ್ಬರು ಯಾವುದೂ ಬೇಡ: ಒಣ ಮೆತ್ತನೆಯ ಮಲ್ ಬಟ್ಟೆಯಿಂದ ನೂಲಿನ ಉದ್ದಕ್ಕೆ ಸವರಿ ತೆಗೆಯಿರಿ.

ಕಾರಿನ ನೆಲದ ಕಾರ್ಪೆಟ್ ಅತಿ ಹಠಮಾರಿ. ಅಲ್ಲಿ ಮಾತ್ರ ಪ್ಯೂಮಿಸ್ ಕಲ್ಲು, ಅಂದರೆ ಹಿಮ್ಮಡಿ ಉಜ್ಜುವ ಕಲ್ಲು, ಬಳಸುತ್ತೇನೆ. ಭಾರ ಹಾಕದೆ ಒಂದೇ ದಿಕ್ಕಿಗೆ ಗೀರಿ, ಮೇಲೆದ್ದ ಕೂದಲನ್ನು ವ್ಯಾಕ್ಯೂಮ್ ಮಾಡಿ. ಸೀಟಿನ ಬಟ್ಟೆಗೆ ಆ ಕಲ್ಲು ತಾಗಬಾರದು.

ಇನ್ನು ಬಟ್ಟೆಗೆ ಬರುವ ಮೊದಲೇ ಕೂದಲನ್ನು ಹಿಡಿಯುವುದು. ಗಿಡ್ಡ ಕೂದಲಿನ ನಾಯಿಗೆ ರಬ್ಬರ್ ಬ್ರಷ್ ವಾರಕ್ಕೆ ಮೂರು ಸಲ, ಎರಡು ಪದರದ ನಾಯಿಗೆ ಅದರ ಜೊತೆ ವಾರಕ್ಕೊಮ್ಮೆ ಒಳಪದರದ ಬಾಚಣಿಗೆ, ಹತ್ತು ನಿಮಿಷ, ಮನೆಯ ಹೊರಗೆ. ಉದ್ದ ಕೂದಲಿನ ಪರ್ಷಿಯನ್ ಬೆಕ್ಕಿಗೆ ದಿನಾ ಬಾಚಬೇಕು. ಸ್ನಾನಕ್ಕೆ ಮೊದಲೊಮ್ಮೆ, ಮೈ ಪೂರ್ತಿ ಒಣಗಿದ ಮೇಲೆ ಮತ್ತೊಮ್ಮೆ ಬಾಚಿದರೆ ಆ ವಾರ ಸೋಫಾದ ಮೇಲೆ ವ್ಯತ್ಯಾಸ ಕಾಣುತ್ತದೆ. ಒಂದೇ ಜಾಗವನ್ನು ಮತ್ತೆ ಮತ್ತೆ ಗೀರಬೇಡಿ, ಚರ್ಮ ಕೆಂಪಾಗುತ್ತದೆ. ಕೂದಲು ಉದುರುತ್ತದೆಂದು ಎರಡು ಪದರದ ನಾಯಿಗೆ ಮೈ ಬೋಳಿಸುವುದೂ ಬೇಡ: ಉದುರುವುದು ನಿಲ್ಲುವುದಿಲ್ಲ, ಗಿಡ್ಡ ತುಂಡುಗಳಾಗಿ ಬಟ್ಟೆಗೆ ಇನ್ನೂ ಬಿಗಿಯಾಗಿ ಚುಚ್ಚುತ್ತದೆ. ಬಾಚುವಾಗ ಬೋಳು ಮಚ್ಚೆ, ಹೊಟ್ಟು, ರಕ್ತ ಹೀರುವ ಉಣ್ಣೆ ಹುಳ ಕಂಡರೆ, ಅಥವಾ ನಾಯಿ ಸದಾ ಕೆರೆದುಕೊಳ್ಳುತ್ತಿದ್ದರೆ, ಮೊದಲು ಪಶುವೈದ್ಯರ ಬಳಿ ಕರೆದುಕೊಂಡು ಹೋಗಿ.