ಏಳು ‘ಕರ್ಣಪರ್ವ’, ಒಂದೇ ಹೆಸರು: ಧ್ವನಿ, ಚಿತ್ರ, ವಿಡಿಯೊ ಕಡತಗಳಿಗೆ ಗುರುತು ಸಂಖ್ಯೆ ಕೊಡುವುದು ಹೇಗೆ?

ನಮ್ಮ ಮನೆಯ ಅಟ್ಟದ ಮೇಲಿದ್ದ ಟ್ರಂಕಿನಲ್ಲಿ ‘ಕರ್ಣಪರ್ವ’ ಎಂದು ಚೀಟಿ ಅಂಟಿಸಿದ ಕ್ಯಾಸೆಟ್‌ಗಳು ಏಳಿದ್ದವು. ಏಳೂ ಬೇರೆ ಬೇರೆ ರಾತ್ರಿಯ ತಾಳಮದ್ದಳೆ, ಅಂದರೆ ವೇಷವಿಲ್ಲದೆ ಕೂತು ಹಾಡು, ಮಾತಿನಲ್ಲೇ ನಡೆಸುವ ಯಕ್ಷಗಾನ. ಭಾಗವತರು ಬೇರೆ, ಕರ್ಣನ ಅರ್ಥ ಹೇಳಿದವರು ಬೇರೆ. ಅವನ್ನು ಕಂಪ್ಯೂಟರಿಗೆ ಇಳಿಸುವಾಗ ನಾನು ಕೊಟ್ಟ ಹೆಸರುಗಳು ಕರ್ಣಪರ್ವ, ಕರ್ಣಪರ್ವ 2, ಕರ್ಣಪರ್ವ ಹೊಸದು, ಕರ್ಣಪರ್ವ ಫೈನಲ್. ಎರಡು ಫೋಲ್ಡರ್‌ಗಳನ್ನು ಒಂದು ಮಾಡುವ ದಿನ, ಇದೇ ಹೆಸರಿನ ಕಡತ ಆಗಲೇ ಇದೆ, ಬದಲಿಸಬೇಕೇ ಎಂದು ಕಂಪ್ಯೂಟರ್ ಕೇಳಿತು. ಒಂದರದೇ ಎರಡು ಪ್ರತಿ ಇರಬೇಕೆಂದುಕೊಂಡು ಹೌದು ಎಂದು ಒತ್ತಿದೆ. ಅಳಿಸಿಹೋದದ್ದು ನಮ್ಮಜ್ಜ ಶಲ್ಯನ ಅರ್ಥ ಹೇಳಿದ್ದ ರಾತ್ರಿ. ಮೂಲ ಟೇಪಿಗೆ ಅಷ್ಟರಲ್ಲಿ ಬೂಷ್ಟು ಹಿಡಿದಿತ್ತು. ಮತ್ತೆ ಓಡಿಸಿದಾಗ ಸಿಕ್ಕಿದ್ದು ಅರೆಬರೆ.

ಹಾಗಾಗಿ ಈ ಕೆಲಸವನ್ನು ಹೇಗೆ ಮಾಡಬೇಕೆಂದು ಹಂತ ಹಂತವಾಗಿ ಬರೆಯುತ್ತಿದ್ದೇನೆ. ನಿಮ್ಮಲ್ಲಿರುವುದು ಮದುವೆಯ ಫೋಟೊ ಇರಬಹುದು, ಶಾಲಾ ವಾರ್ಷಿಕೋತ್ಸವದ ವಿಡಿಯೊ ಇರಬಹುದು, ಅಜ್ಜಿಯ ಸೋಬಾನೆ ಪದ ಇರಬಹುದು; ದಾರಿ ಒಂದೇ.

ಹೆಸರು ಬೇರೆ, ಸರ್ವೆ ನಂಬರ್ ಬೇರೆ

ಊರಿನಲ್ಲಿ ‘ಮನೆ ಮುಂದಿನ ಗದ್ದೆ’ ಎಷ್ಟಿಲ್ಲ? ಪ್ರತಿ ಮನೆಗೂ ಒಂದಿದೆ. ಅದೇ ಗದ್ದೆಗೆ ಸರ್ವೆ ನಂಬರ್ ಮಾತ್ರ ಆ ಗ್ರಾಮದಲ್ಲಿ ಒಂದೇ. ಯಜಮಾನ ಬದಲಾಗಲಿ, ಭತ್ತ ಹೋಗಿ ಅಡಿಕೆ ಬರಲಿ, ನಂಬರ್ ಕದಲುವುದಿಲ್ಲ. ಪಾಲಾದರೆ ಹಿಸ್ಸಾ ನಂಬರ್ ಸೇರುತ್ತದೆ, ಅಷ್ಟೇ. ಕಡತಗಳಿಗೂ ಬೇಕಾದದ್ದು ಇದೇ. ಏನಿದು, ಯಾರದು, ಯಾವಾಗಿನದು ಎಂಬುದು ವಿವರ. ವಿವರ ತಿದ್ದುಪಡಿಯಾಗುತ್ತಲೇ ಇರುತ್ತದೆ. ಗುರುತು ಸಂಖ್ಯೆ ತಿದ್ದುಪಡಿಯಾಗಬಾರದು. ಆದ್ದರಿಂದ ವಿವರವನ್ನು ಸಂಖ್ಯೆಯೊಳಗೆ ತುರುಕಬೇಡಿ.

ಇದನ್ನು ನಾನು ಕಲಿತದ್ದು ಎರಡನೆಯ ಪೆಟ್ಟಿನಿಂದ. ಮೊದಲ ಅನಾಹುತದ ನಂತರ ಇಸವಿಯನ್ನೇ ಗುರುತು ಮಾಡಿದ್ದೆ: 1983-01, 1983-02 ಎಂಬಂತೆ. ಆರು ತಿಂಗಳ ಮೇಲೆ ನಮ್ಮ ದೊಡ್ಡಮ್ಮ ಒಂದು ಫೋಟೊ ನೋಡಿ, “ಇದು ನನ್ನ ಎರಡನೇ ಬಾಣಂತನದ ವರ್ಷ, ಎಂಬತ್ತಾರು” ಎಂದರು. ಹೆಸರು ತಿದ್ದಿದೆ. ಪಟ್ಟಿಯಲ್ಲಿ, ಪೆನ್‌ಡ್ರೈವ್‌ನಲ್ಲಿ, ತಮ್ಮನಿಗೆ ಕಳಿಸಿದ್ದರಲ್ಲಿ ಹಳೆಯದೇ ಉಳಿಯಿತು. ಒಂದೇ ಚಿತ್ರಕ್ಕೆ ಎರಡು ಗುರುತಾಯಿತು.

ಕ್ಯಾಮೆರಾ ಕೊಡುವ ಹೆಸರನ್ನೇ ಇಟ್ಟುಕೊಂಡರಾಗದೇ ಎಂದು ಕೇಳುವವರಿದ್ದಾರೆ. ಆಗದು. ಡಿಸಿಎಫ್ ಎಂಬ ನಿಯಮದ ಪ್ರಕಾರ ಕ್ಯಾಮೆರಾ ಕಡತದ ಹೆಸರಿನಲ್ಲಿ ನಾಲ್ಕು ಅಕ್ಷರ, ನಾಲ್ಕು ಅಂಕಿ. 9999 ಮುಗಿದ ಮೇಲೆ ಮತ್ತೆ 0001. ಒಂದೇ ಕಂಪನಿಯ ಎರಡು ಕ್ಯಾಮೆರಾಗಳು ಮೊದಲ ದಿನದಿಂದಲೇ ಒಂದೇ ಹೆಸರು ಕೊಡುತ್ತಿರುತ್ತವೆ. ದಿನಾಂಕ ಮತ್ತು ಸಮಯ ಸೇರಿಸಿದರೂ ಸಾಲದು: ಒಂದು ಸೆಕೆಂಡಿನಲ್ಲಿ ಹತ್ತು ಚಿತ್ರ ತೆಗೆಯುವ ಕ್ಯಾಮೆರಾಗಳಿವೆ, ಗಡಿಯಾರದ ಬ್ಯಾಟರಿ ಸತ್ತು ತಾರೀಕು ಹಿಂದಕ್ಕೆ ಹೋದ ಕ್ಯಾಮೆರಾಗಳೂ ಇವೆ.

ಮೊದಲ ಹಂತ: ಮುಟ್ಟುವ ಮುನ್ನ ಪ್ರತಿ

ಇರುವುದೆಲ್ಲವನ್ನೂ ಇದ್ದ ಹಾಗೆಯೇ ಇನ್ನೊಂದು ಡಿಸ್ಕಿಗೆ ನಕಲಿಸಿ ಎತ್ತಿಡಿ. ಹೆಸರು ಬದಲಿಸುವ ಕೆಲಸ ಅದಾದ ಮೇಲೆ.

ಎರಡನೆಯ ಹಂತ: ಸಂಖ್ಯೆ ಯಾವುದಕ್ಕೆ?

ಇಲ್ಲಿ ಸ್ವಲ್ಪ ಕೂತು ಯೋಚಿಸಬೇಕು. ಸಿ-90 ಕ್ಯಾಸೆಟ್ಟಿನಲ್ಲಿ ಬದಿಗೆ 45 ನಿಮಿಷ. ಪ್ರಸಂಗ ಎ ಬದಿಯಲ್ಲಿ ಶುರುವಾಗಿ, ವಾದದ ಮಧ್ಯದಲ್ಲಿ ಟೇಪು ಮುಗಿದು, ಬಿ ಬದಿಗೆ ದಾಟಿರುತ್ತದೆ. ಆಮೇಲೆ ನಾವು ಒಂದು ದೊಡ್ಡ ವೇವ್ ಕಡತ, ಫೋನಿಗೆ ಕಳಿಸಲು ಒಂದು ಎಂಪಿ3, ಗುಂಯ್‌ಗುಡುವ ಸದ್ದು ತೆಗೆದ ಇನ್ನೊಂದು ಮಾಡಿಕೊಳ್ಳುತ್ತೇವೆ. ಪ್ರತಿಯೊಂದಕ್ಕೂ ಹೊಸ ಸಂಖ್ಯೆ ಕೊಟ್ಟರೆ ಸಂಬಂಧವೇ ತಪ್ಪಿಹೋಗುತ್ತದೆ. ನನ್ನ ಕ್ರಮ ಹೀಗಿದೆ: ಕೈಯಲ್ಲಿ ಹಿಡಿಯಬಹುದಾದ ವಸ್ತುವಿಗೆ, ಅಂದರೆ ಒಂದು ಕ್ಯಾಸೆಟ್ಟಿಗೆ, ಒಂದು ಫೋಟೊಗೆ, ಒಂದು ಸಂಖ್ಯೆ. ಬದಿಗಳು ಹಿಸ್ಸಾ. ಎಂಪಿ3ಯಂಥವು ಅದೇ ಸಂಖ್ಯೆಯ ಕೊನೆಗೆ ಬಾಲದಂತೆ ಬರುತ್ತವೆ. ಫೋನಿನಲ್ಲೇ ಹುಟ್ಟಿದ ವಿಡಿಯೊಗೆ ವಸ್ತುವೇ ಇಲ್ಲದಿರುವುದರಿಂದ ಮೊದಲ ಕಡತಕ್ಕೇ ಸಂಖ್ಯೆ.

ಮೂರನೆಯ ಹಂತ: ಸಂಖ್ಯೆಯ ರೂಪ

ಮನೆಯ ಸಂಗ್ರಹವೆಂದು ಸೂಚಿಸುವ ಎರಡು ಅಕ್ಷರ, ಐದು ಅಂಕಿ. ನಮ್ಮದು ‘ಎಂಎನ್00471’ ಎಂಬ ಬಗೆ. ಮುಂದಿನ ಸೊನ್ನೆಗಳು ಬೇಕೇ ಬೇಕು. ಅವಿಲ್ಲದಿದ್ದರೆ ಎಷ್ಟೋ ತಂತ್ರಾಂಶಗಳು 2ಕ್ಕಿಂತ ಮೊದಲು 10ನ್ನು ಸಾಲಾಗಿ ನಿಲ್ಲಿಸುತ್ತವೆ. ಅಕ್ಷರಗಳೂ ಬೇಕು, ಬರೀ 00471 ಎಂದು ಸ್ಪ್ರೆಡ್‌ಶೀಟಿನಲ್ಲಿ ಬರೆದರೆ ಅದು ಸೊನ್ನೆ ನುಂಗಿ 471 ಮಾಡಿಬಿಡುತ್ತದೆ.

ಇಲ್ಲಿ ಕನ್ನಡಿಗರಾಗಿ ಒಂದು ಮಾತು ಒಪ್ಪಿಕೊಳ್ಳಬೇಕು. ವಿವರವೆಲ್ಲ ಕನ್ನಡದಲ್ಲೇ ಇರಲಿ, ಕಡತದ ಗುರುತು ಮಾತ್ರ ಇಂಗ್ಲಿಷಿನ ಸಣ್ಣಕ್ಷರ ಮತ್ತು ಅಂಕಿಗಳಲ್ಲಿರಲಿ (ಇಲ್ಲಿ ‘ಎಂಎನ್’ ಎಂದು ಬರೆದದ್ದು ಕಡತದಲ್ಲಿ mn). ಕಾರಣ ಲಿಪಿಯ ಮೇಲಿನ ತಾತ್ಸಾರವಲ್ಲ. ಯುನಿಕೋಡ್‌ನಲ್ಲಿ ‘ಕೋಲಾಟ’ದ ‘ಕೋ’ ಎರಡು ಬಗೆಯಲ್ಲಿ ಕೂರಬಲ್ಲದು: ಓತ್ವದ ಚಿಹ್ನೆ ಒಂದೇ ಸಂಕೇತವಾಗಿ, ಇಲ್ಲವೇ ಬಿಡಿಬಿಡಿ ತುಂಡುಗಳಾಗಿ. ಕಣ್ಣಿಗೆ ಎರಡೂ ಒಂದೇ, ಎಷ್ಟೋ ಕಂಪ್ಯೂಟರುಗಳಿಗೆ ಎರಡು ಬೇರೆ ಹೆಸರು. ‘ಕ್ಯಾಸೆಟ್‌ಗಳು’ ಎಂಬಲ್ಲಿ ಒತ್ತಕ್ಷರ ಬಾರದಂತೆ ತಡೆಯುವ ಕಾಣದ ಅಕ್ಷರವೊಂದಿದೆ; ಅದು ಪದದ ಕೊನೆಯಲ್ಲಿ ಕೂತರೆ ಕಣ್ಣಿಗೆ ಬೀಳುವುದೇ ಇಲ್ಲ, ಹುಡುಕುವಾಗ ಮಾತ್ರ ಅಡ್ಡ ನಿಲ್ಲುತ್ತದೆ. ಉದ್ದದ ತೊಂದರೆಯೂ ಇದೆ. ಲಿನಕ್ಸ್‌ನಲ್ಲಿ ಕಡತದ ಹೆಸರಿಗೆ 255 ಬೈಟ್ ಮಿತಿ. ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್ ಬೇಕಾಗಿರುವುದರಿಂದ 85 ಸಂಕೇತಕ್ಕೆ ಅದು ಮುಗಿಯಿತು. ಗುಣಿತ, ಒತ್ತು ಎಲ್ಲ ಲೆಕ್ಕಕ್ಕೆ ಬರುತ್ತವೆ.

ನಾಲ್ಕನೆಯ ಹಂತ: ತಾಳೆ ಅಂಕಿ

ಕ್ಯಾಸೆಟ್ಟಿನ ಮೇಲೆ ಕೈಯಲ್ಲಿ ಬರೆಯುವಾಗ, ಫೋನಿನಲ್ಲಿ ಹೇಳುವಾಗ 471 ಹೋಗಿ 417 ಆಗುವುದು ಸಹಜ. ಇದನ್ನು ಹಿಡಿಯಲು ಕೊನೆಗೊಂದು ಅಂಕಿ ಸೇರಿಸಬಹುದು. 2006ರವರೆಗೆ ಪುಸ್ತಕಗಳ ಐಎಸ್‌ಬಿಎನ್ ಹತ್ತು ಅಂಕಿಯದಾಗಿತ್ತಲ್ಲ, ಅದರ ಲೆಕ್ಕವನ್ನೇ ಐದು ಅಂಕಿಗೆ ಇಳಿಸಿಕೊಂಡಿದ್ದೇನೆ.

00471ರ ಅಂಕಿಗಳನ್ನು ಎಡದಿಂದ 6, 5, 4, 3, 2ರಿಂದ ಗುಣಿಸಿ. 0, 0, 16, 21, 2, ಕೂಡಿದರೆ 39. ಅದನ್ನು 11ರಿಂದ ಭಾಗಿಸಿದರೆ ಶೇಷ 6. ಹನ್ನೊಂದರಲ್ಲಿ ಆರು ಕಳೆದರೆ 5. ಗುರುತು ‘ಎಂಎನ್00471-5’ ಎಂದಾಯಿತು. 39ಕ್ಕೆ ಈ 5 ಸೇರಿದರೆ 44, ಹನ್ನೊಂದರಿಂದ ಸರಿಯಾಗಿ ಭಾಗವಾಗುತ್ತದೆ. ಈಗ ಯಾರಾದರೂ 00417-5 ಎಂದು ಬರೆದರೆ 16, 3, 14 ಸೇರಿ 33, ಜೊತೆಗೆ 5, ಒಟ್ಟು 38. ಹನ್ನೊಂದರಿಂದ ಭಾಗವಾಗದು, ತಪ್ಪು ಸಿಕ್ಕಿಬಿತ್ತು. ಒಂದು ಅಂಕಿ ತಪ್ಪಿದರೂ, ಯಾವುದೇ ಎರಡು ಅಂಕಿ ಅದಲುಬದಲಾದರೂ ಈ ಲೆಕ್ಕ ಬಿಟ್ಟುಕೊಡುವುದಿಲ್ಲ. ಶೇಷ ಸೊನ್ನೆಯಾದರೆ ತಾಳೆ ಅಂಕಿಯೂ ಸೊನ್ನೆ. ಶೇಷ 1 ಬಂದರೆ ಉತ್ತರ 10 ಆಗಿ ಒಂದೇ ಅಂಕಿಯಲ್ಲಿ ಹಿಡಿಸದು, 00006ಕ್ಕೆ ಹೀಗಾಗುತ್ತದೆ. ಐಎಸ್‌ಬಿಎನ್‌ನಲ್ಲಿ ಅಲ್ಲಿಗೆ ಎಕ್ಸ್ ಹಾಕುತ್ತಿದ್ದರು. ನಾನು ಅಂಥ ಸಂಖ್ಯೆಯನ್ನೇ ಬಿಟ್ಟು ಮುಂದೆ ಹೋಗುತ್ತೇನೆ. ಸ್ಪ್ರೆಡ್‌ಶೀಟಿನಲ್ಲಿ ಶೇಷ ಕೊಡುವ ಮಾಡ್ ಎಂಬ ಸೂತ್ರವಿದೆ, ಒಮ್ಮೆ ಬರೆದು ಕೆಳಗಿನವರೆಗೆ ಎಳೆದರೆ ಸಾಕು.

ಐದನೆಯ ಹಂತ: ಒಂದೇ ದಾಖಲೆ ಪುಸ್ತಕ

ಲಿಬ್ರೆಆಫೀಸ್ ಕ್ಯಾಲ್ಕ್ ಅಥವಾ ಎಕ್ಸೆಲ್, ಯಾವುದಾದರೂ ಸರಿ. ಒಂದು ಸಾಲು, ಒಂದು ವಸ್ತು. ಗುರುತು ಸಂಖ್ಯೆ, ವಿವರ, ಕಾಲ (ಸಂಶಯವಿದ್ದರೆ ‘ಸುಮಾರು’ ಎಂದು), ಯಾರಿಂದ ಬಂತು, ಈಗ ಎಲ್ಲಿದೆ, ಹಳೆಯ ಹೆಸರು. ಹಳೆಯ ಹೆಸರಿನ ಅಂಕಣ ಬಿಡಬೇಡಿ. ಚೀಟಿಯ ಮೇಲೆ ಅಜ್ಜ ಬರೆದದ್ದೂ ದಾಖಲೆಯೇ. ಸಂಖ್ಯೆ ಈ ಪುಸ್ತಕದಿಂದಲೇ ಹುಟ್ಟಬೇಕು: ಮೊದಲು ಸಾಲು, ಆಮೇಲೆ ಕಡತಕ್ಕೆ ಹೆಸರು. ಒಮ್ಮೆ ಕೊಟ್ಟ ಸಂಖ್ಯೆಯನ್ನು, ವಸ್ತು ಹಾಳಾದರೂ, ಇನ್ನೊಂದಕ್ಕೆ ಕೊಡುವಂತಿಲ್ಲ.

ಪುಸ್ತಕ ಒಬ್ಬರ ಕೈಯಲ್ಲಿದ್ದರೆ ಒಳ್ಳೆಯದು. ಇಬ್ಬರಿದ್ದರೆ ಒಬ್ಬರಿಗೆ 50000ದ ವರೆಗೆ, ಇನ್ನೊಬ್ಬರಿಗೆ ಅದರ ಮೇಲೆ ಎಂದು ಪಾಲು ಮಾಡಿಕೊಳ್ಳಿ. ನಾನು ಊರಿನಲ್ಲಿ ಕ್ಯಾಸೆಟ್ ಇಳಿಸುತ್ತಿರುವಾಗ ತಮ್ಮ ದುಬೈಯಲ್ಲಿ ಫೋಟೊ ಸ್ಕ್ಯಾನ್ ಮಾಡುತ್ತಿದ್ದದ್ದು ಹೀಗೆಯೇ.

ಹತ್ತಾರು ಜನ, ಒಬ್ಬರಿಗೊಬ್ಬರು ಕೇಳದೆ ಸಂಖ್ಯೆ ಕೊಡಬೇಕಾದಲ್ಲಿ ಮಾತ್ರ ಯುಯುಐಡಿ ಎಂಬ ದಾರಿ ಹಿಡಿಯಿರಿ. ಅದು 128 ಬಿಟ್‌ನ ಸಂಖ್ಯೆ. ಅಡ್ಡಗೆರೆ ಸೇರಿ 36 ಅಕ್ಷರ. ನಾಲ್ಕನೆಯ ಆವೃತ್ತಿಯಲ್ಲಿ 122 ಬಿಟ್ ಬರೀ ಚೀಟಿ ಎತ್ತಿದಂತೆ ಬರುತ್ತದೆ, ಆದ್ದರಿಂದ ಎರಡು ಒಂದೇ ಆಗುವ ಭಯ ಮನೆಮಠದ ಲೆಕ್ಕದಲ್ಲಿ ಇಲ್ಲವೇ ಇಲ್ಲ. 2024ರಲ್ಲಿ ಪ್ರಮಾಣೀಕರಿಸಿದ ಏಳನೆಯ ಆವೃತ್ತಿ ಮೊದಲ 48 ಬಿಟ್‌ಗಳಲ್ಲಿ ಹುಟ್ಟಿದ ಸಮಯವನ್ನು ಮಿಲಿಸೆಕೆಂಡಿನಲ್ಲಿ ಇಡುವುದರಿಂದ ಸಾಲಾಗಿ ಜೋಡಿಸಲು ಅನುಕೂಲ. ಆದರೆ 36 ಅಕ್ಷರವನ್ನು ಕ್ಯಾಸೆಟ್ಟಿನ ಬೆನ್ನ ಮೇಲೆ ಬರೆಯುವುದೆಲ್ಲಿ? ಮನೆಯ ಸಂಗ್ರಹಕ್ಕೆ ಐದಂಕಿಯೇ ಮೇಲು ಎಂದು ನನ್ನ ಖಚಿತ ಅಭಿಪ್ರಾಯ.

ಆರನೆಯ ಹಂತ: ಬೆರಳಚ್ಚು

ಗುರುತು ಸಂಖ್ಯೆ ನಾವು ಕೊಟ್ಟದ್ದು. ಕಡತದೊಳಗಿನ ಬೈಟ್‌ಗಳಿಂದಲೇ ಹುಟ್ಟುವ ಇನ್ನೊಂದು ಗುರುತಿದೆ, ಅದಕ್ಕೆ ಹ್ಯಾಶ್ ಎನ್ನುತ್ತಾರೆ. ಎಸ್‌ಎಚ್‌ಎ-256 ಎಂಬ ವಿಧಾನ ಎಷ್ಟೇ ದೊಡ್ಡ ವಿಡಿಯೊಗೂ 64 ಅಕ್ಷರಗಳ ಉತ್ತರ ಕೊಡುತ್ತದೆ. ಒಂದು ಬಿಟ್ ಬದಲಾದರೂ ಉತ್ತರ ಪೂರ್ತಿ ಬೇರೆ. ಹಳೆಯ ಎಂಡಿ5ರಲ್ಲಿ 2004ರಲ್ಲೇ, ಎಸ್‌ಎಚ್‌ಎ-1ರಲ್ಲಿ 2017ರಲ್ಲಿ ಎರಡು ಬೇರೆ ಕಡತಗಳಿಗೆ ಒಂದೇ ಉತ್ತರ ಬರುವಂತೆ ಮಾಡಿ ತೋರಿಸಿದ್ದಾರೆ, ಹಾಗಾಗಿ ಹೊಸದಾಗಿ ಶುರುಮಾಡುವವರು 256ನ್ನೇ ಆರಿಸಿ. ವಿಂಡೋಸ್‌ನಲ್ಲಿ ಸೆವೆನ್-ಜಿಪ್ ಹಾಕಿಕೊಂಡರೆ ಕಡತದ ಮೇಲೆ ಬಲಗುಂಡಿ ಒತ್ತಿದಾಗ ಈ ಆಯ್ಕೆ ಸಿಗುತ್ತದೆ. ಬಂದ ಉತ್ತರವನ್ನು ದಾಖಲೆ ಪುಸ್ತಕದಲ್ಲಿ ಅಂಟಿಸಿ.

ಆ ಅಂಕಣವನ್ನು ಅಕಾರಾದಿಯಾಗಿ ಜೋಡಿಸಿದ ಕೂಡಲೇ ಒಂದೇ ಹ್ಯಾಶ್‌ನ ಸಾಲುಗಳು ಅಕ್ಕಪಕ್ಕ ಬಂದು ನಿಲ್ಲುತ್ತವೆ. ಹೆಸರು ಏನೇ ಇರಲಿ, ಅವು ನಕಲು. ನನಗೆ ಮೊದಲೇ ಇದು ತಿಳಿದಿದ್ದರೆ ಆ ‘ಹೌದು’ ಒತ್ತುತ್ತಿರಲಿಲ್ಲ. ‘e3b0c442’ ಎಂದು ಶುರುವಾಗುವ ಹ್ಯಾಶ್ ಕಂಡರೆ ತಕ್ಷಣ ಎಚ್ಚರಾಗಿ. ಅದು ಖಾಲಿ ಕಡತದ ಹ್ಯಾಶ್; ಹೆಸರಿದೆ, ಒಳಗೆ ಏನೂ ಇಲ್ಲ.

ಹಾಗಾದರೆ ಹ್ಯಾಶ್ ಒಂದೇ ಸಾಲದೇ, ಸಂಖ್ಯೆ ಏಕೆ? ಏಕೆಂದರೆ ಎಂಪಿ3ಗೆ ಭಾಗವತರ ಹೆಸರು ಸೇರಿಸಿದರೂ ಹ್ಯಾಶ್ ಬದಲಾಗುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಹೋಗಿ ಬಂದ ಫೋಟೊ ಕುಗ್ಗಿ, ತೆಗೆದ ದಿನಾಂಕ ಕಳೆದುಕೊಂಡು, ಹೊಸ ಹ್ಯಾಶ್ ಪಡೆದಿರುತ್ತದೆ. (ಫೋಟೊ ಎಂದು ಕಳಿಸದೆ ಡಾಕ್ಯುಮೆಂಟ್ ಎಂದು ಕಳಿಸಿದರೆ ಮೂಲ ಕಡತವೇ ತಲುಪುತ್ತದೆ, ಮನೆಯವರಿಗೆಲ್ಲ ಇದನ್ನು ಹೇಳಿಕೊಡಿ.) ಕುಗ್ಗಿದ ಇಂಥ ಫೋಟೊಗಳನ್ನು ಹಿಡಿಯಲು ರೂಪವನ್ನೇ ಹೋಲಿಸುವ ತಂತ್ರ ಬೇಕು, ಉಚಿತವಾಗಿ ಸಿಗುವ ಡಿಜಿಕ್ಯಾಮ್‌ನಲ್ಲಿ ಅದಿದೆ.

ಏಳನೆಯ ಹಂತ: ಸಂಖ್ಯೆ ಒಳಗೂ ಇರಲಿ, ಹೊರಗೂ ಇರಲಿ

ಯಾರೋ ಕಡತದ ಹೆಸರು ಬದಲಿಸಿದರೂ ಗುರುತು ಉಳಿಯಬೇಕಾದರೆ ಅದನ್ನು ಕಡತದೊಳಗೆ ಬರೆಯಬೇಕು. ಫೋಟೊಗೆ ಎಕ್ಸ್‌ಎಂಪಿ ವಿವರದಲ್ಲಿ ಐಡೆಂಟಿಫೈಯರ್ ಎಂಬ ಜಾಗವಿದೆ; ಎಕ್ಸಿಫ್‌ಟೂಲ್‌ನಿಂದ ತುಂಬಬಹುದು. ವೇವ್ ಧ್ವನಿಗೆ ಬಿಡಬ್ಲ್ಯುಎಫ್ ಮೆಟಾಎಡಿಟ್ ಎಂಬ ಉಚಿತ ತಂತ್ರಾಂಶದಲ್ಲಿ ಒರಿಜಿನೇಟರ್ ರೆಫರೆನ್ಸ್ ಎಂಬ 32 ಅಕ್ಷರದ ಜಾಗ. ಕ್ರಮ ತಪ್ಪಬೇಡಿ: ಹಿಂದಿನ ಹಂತದಂತೆ ನಕಲು ಹುಡುಕಿ ಮುಗಿದ ಮೇಲೆ ಸಂಖ್ಯೆ ಬರೆಯುವುದು, ಆಮೇಲೆ ಹ್ಯಾಶ್ ಮತ್ತೆ ತೆಗೆದು ಪುಸ್ತಕದಲ್ಲಿ ಹಳೆಯದರ ಜಾಗಕ್ಕೆ ಹಾಕುವುದು (ಸಂಖ್ಯೆ ಬರೆದ ಕೂಡಲೇ ಹ್ಯಾಶ್ ಬದಲಾಗುತ್ತದೆ). ನಂತರ ಆ ಮೂಲ ಕಡತವನ್ನು ಮುಟ್ಟಲೇಬಾರದು, ತಿದ್ದುವುದೇನಿದ್ದರೂ ನಕಲಿನಲ್ಲಿ.

ಫೋಟೊದ ಹಿಂದೆ ಅಂಚಿನಲ್ಲಿ ಮೆತ್ತನೆಯ ಪೆನ್ಸಿಲ್‌ನಿಂದ ಬರೆಯಿರಿ, ಬಾಲ್‌ಪೆನ್ ಬೇಡ, ಅದರ ಒತ್ತು ಮುಂದಕ್ಕೆ ಮೂಡುತ್ತದೆ. ಕ್ಯಾಸೆಟ್ಟಿನ ಮೈಮೇಲೂ ಡಬ್ಬಿಯ ಚೀಟಿಯ ಮೇಲೂ ಬರೆಯಿರಿ. ಡಬ್ಬಿ ಅದಲುಬದಲಾಗದ ಮನೆಯನ್ನು ನಾನು ನೋಡಿಲ್ಲ.

ಹೊರಗೆ ಪ್ರಕಟಿಸುವಾಗ

ಯೂಟ್ಯೂಬಿಗೆ ಏರಿಸಿದರೆ ಅದು 11 ಅಕ್ಷರದ ತನ್ನದೇ ಗುರುತು ಕೊಡುತ್ತದೆ. ಅಳಿಸಿ ಮತ್ತೆ ಏರಿಸಿದರೆ ಅದು ಬೇರೆಯೇ. ಹಾಡನ್ನು ಮಾರಾಟಕ್ಕೆ ಬಿಡುವವರಿಗೆ 12 ಅಕ್ಷರದ ಐಎಸ್‌ಆರ್‌ಸಿ ಬೇಕಾಗುತ್ತದೆ. ಧ್ವನಿಮುದ್ರಣಕ್ಕೆ ಒಂದರಂತೆ, ವೇವ್ ಆಗಲಿ ಎಂಪಿ3 ಆಗಲಿ ಅದೇ. ಇವನ್ನೆಲ್ಲ ನಿಮ್ಮ ಪುಸ್ತಕದಲ್ಲಿ ಬೇರೆ ಅಂಕಣಗಳಲ್ಲಿ ಬರೆದುಕೊಳ್ಳಿ, ನಿಮ್ಮ ಸಂಖ್ಯೆಯ ಜಾಗಕ್ಕೆ ತರಬೇಡಿ. ಇಂಟರ್ನೆಟ್ ಆರ್ಕೈವ್‌ನಲ್ಲಿ ಹಳೆಯ ಕನ್ನಡ ಪುಸ್ತಕ ಹುಡುಕುವವರಿಗೆ ‘ಇನ್.ಅರ್ನೆಟ್.ಡಿಎಲ್‌ಐ.2015’ ಎಂದು ಶುರುವಾಗುವ ಗುರುತು ಪರಿಚಿತ. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದಿಂದ ಬಂದವು ಅವು. ಪುಸ್ತಕದ ಹೆಸರು ಇಂಗ್ಲಿಷ್ ಕಾಗುಣಿತದಲ್ಲಿ ಗುರುತೇ ಸಿಗದಷ್ಟು ಕೆಟ್ಟಿದ್ದರೂ ಆ ಸಂಖ್ಯೆ ಗೊತ್ತಿದ್ದವರಿಗೆ ಪುಸ್ತಕ ಸಿಗುತ್ತದೆ.

ವರ್ಷಕ್ಕೊಮ್ಮೆ, ನಾನು ದೀಪಾವಳಿ ರಜೆಯಲ್ಲಿ, ಎಲ್ಲ ಮೂಲ ಕಡತಗಳ ಹ್ಯಾಶ್ ಮತ್ತೆ ತೆಗೆದು ಪುಸ್ತಕದೊಡನೆ ತಾಳೆ ನೋಡುತ್ತೇನೆ. ಕಳೆದ ಸಲ ಎರಡು ಹೊಂದಲಿಲ್ಲ, ಡಿಸ್ಕ್ ಕೆಡತೊಡಗಿತ್ತು. ಎರಡನ್ನೂ ಇನ್ನೊಂದು ಡಿಸ್ಕಿನಿಂದ ತಂದು ಹಾಕಿದೆ.

ಅಜ್ಜನ ಶಲ್ಯಕ್ಕೂ ಸಂಖ್ಯೆ ಇದೆ: ಎಂಎನ್00005-1. ವಿವರದಲ್ಲಿ ‘ಕರ್ಣಪರ್ವ, ಎ ಬದಿ ಅರೆಬರೆ, ಬಿ ಬದಿ ಇಲ್ಲ’ ಎಂದು ಬರೆದಿದ್ದೇನೆ. ಆ ರಾತ್ರಿ ಚಾವಡಿಯಲ್ಲಿ ಇನ್ನೂ ಇಬ್ಬರು ಟೇಪ್ ರೆಕಾರ್ಡರ್ ಇಟ್ಟುಕೊಂಡು ಕೂತಿದ್ದರಂತೆ. ಅವರ ಮನೆಯ ಟ್ರಂಕಿನಿಂದ ಕ್ಯಾಸೆಟ್ ಬಂದ ದಿನ ಅದಕ್ಕೆ ಹೊಸ ಸಂಖ್ಯೆ ಕೊಡುತ್ತೇನೆ, ಪಕ್ಕದ ಅಂಕಣದಲ್ಲಿ ‘00005-1 ನೋಡಿ’ ಎಂದು ಬರೆಯುತ್ತೇನೆ.