ವಿಜಯಪುರದ ಬಿಸಿಲಲ್ಲಿ ಎಸ್‌ಎಚ್‌ಆರ್ ಇಲಿ: 6 ತಲೆಮಾರು ಉಳಿದದ್ದು ಹೀಗೆ

ಎಸ್‌ಎಚ್‌ಆರ್ ಅಂದರೆ ತಾನಾಗಿಯೇ ಬಿಪಿ ಏರುವ ಪ್ರಯೋಗಾಲಯದ ಇಲಿ ತಳಿ. ‘ನಿಮ್ಮೂರ ಬಿಸಿಲಿಗೆ ಸಾಮಾನ್ಯ ಬಿಳಿ ಇಲಿ ವಿಸ್ಟಾರ್ ಉಳಿದರೇ ದೊಡ್ಡದು, ಎಸ್‌ಎಚ್‌ಆರ್ ಬೇಕಾದಾಗ ತರಿಸಿಕೊಳ್ಳಿ’ ಅಂದವರೇ ಹೆಚ್ಚು. ಆದರೂ ಅಣ್ಣ-ತಂಗಿಯನ್ನೇ ಜೋಡಿ ಮಾಡಿ ಬೆಳೆಸಿದ ನಮ್ಮ ಸಾಲು ಸುಮಾರು ಮೂರು ವರ್ಷಕ್ಕೆ 6 ತಲೆಮಾರು ದಾಟಿದೆ. 14ನೇ ವಾರಕ್ಕೆ ಸಿಸ್ಟೋಲಿಕ್ (ಬಿಪಿಯ ಮೇಲಿನ ಅಂಕಿ) ಈಗಲೂ 180ರ ಆಚೀಚೆ.

ಮೊದಲೆರಡು ಸಲ ಮರಿಯಾಗದೆ ಸಾಲು ನಿಂತಾಗ ಹೆಣ್ಣಿಲಿಯ ಮೇಲೆ ಅನುಮಾನ ಪಟ್ಟು ದಿನಾ ಬೆದೆ ತಿಳಿಯಲು ಯೋನಿ ಸ್ಮಿಯರ್ ನೋಡಿದ್ದು ದಂಡ. ಕೆಟ್ಟಿದ್ದು ಗಂಡಿಲಿ. ಕೋಣೆ 32 ಡಿಗ್ರಿ ದಾಟಿ ಕೆಲವು ದಿನ ಕಳೆದರೆ ವೀರ್ಯ ಕೆಡಬಹುದು, ಹೊಸದು ತಯಾರಾಗಲು 50 ದಿನದ ಮೇಲೆ ಬೇಕು. ಏಪ್ರಿಲ್‌ನಲ್ಲಿ ಕರೆಂಟ್ ಹೋದದ್ದಕ್ಕೆ ಜೂನ್‌ನಲ್ಲಿ ಪಂಜರ ಖಾಲಿ. ಎಸಿಯನ್ನು ಇನ್ವರ್ಟರ್‌ಗೆ ಹಾಕಿ ಬ್ಯಾಟರಿಗೆ 40 ಸಾವಿರ ಸುಟ್ಟಿತು. ಈಗ ಒಂದೂವರೆ ಟನ್ನಿನ ಎರಡು ಎಸಿ ಪಾಳಿಯಲ್ಲಿ, ಹಿಂದೆ ಸಣ್ಣ ಜನರೇಟರ್. ಎಲ್ಲ ಸೇರಿ ಎರಡೂಕಾಲು ಲಕ್ಷ ಆಗಿರಬೇಕು. ಏಪ್ರಿಲ್-ಮೇ ಹೊಸ ಜೋಡಿ ಕಟ್ಟುವುದಿಲ್ಲ.

ಪ್ರತಿ ತಲೆಮಾರಿಗೆ ಮೂರು ಜೋಡಿ, ಮುಂದಕ್ಕೆ ಒಂದೇ ಜೋಡಿಯ ಮರಿ. ಚೊಚ್ಚಲ ಸೂಲಿನಲ್ಲಿ ತಾಯಿ ಮರಿ ತಿನ್ನುವುದು ಜಾಸ್ತಿ, ಅದಕ್ಕೇ ಎರಡನೇ ಸೂಲಿನವೇ ಬೇಕು. ಬಿಪಿ ಹೆಚ್ಚಿರುವ ಮರಿಯನ್ನೇ ಆರಿಸಿ ಒಂದು ವರ್ಷ ಹಾಳಾಯ್ತು: ಇನ್‌ಬ್ರೆಡ್ (ತಲೆಮಾರುಗಳಿಂದ ಒಡಹುಟ್ಟಿದವನ್ನೇ ಕೂಡಿಸಿದ) ತಳಿಯಲ್ಲಿ ಆರಿಸಲು ಜೀನಿನ ವ್ಯತ್ಯಾಸವೇ ಉಳಿದಿರುವುದಿಲ್ಲ. ಪಂಜರ ಬದಲಿಸುವ ದಿನ ತಾಯಿ ಬೆದರದಂತೆ ಮಾಡುವ ಉಪಾಯ ಒಂದಿದೆ, ಅದು ಸದ್ಯ ನಮ್ಮಲ್ಲೇ ಇರಲಿ. ಹೋಲಿಕೆಗೆ (ಕಂಟ್ರೋಲ್) ಇಡುವ, ಬಿಪಿ ಸಹಜವಿರುವ ಡಬ್ಲ್ಯುಕೆವೈ (ವಿಸ್ಟಾರ್-ಕ್ಯೋಟೊ) ಇಲಿ ಮಾತ್ರ ಒಂದೇ ಕಾಲನಿಯದು ತನ್ನಿ. ಪೂರ್ತಿ ಇನ್‌ಬ್ರೆಡ್ ಆಗುವ ಮೊದಲೇ ಹಂಚಿಹೋದ ತಳಿ ಅದು. ಎರಡು ಕಡೆಯದು ಬೆರೆತರೆ ಕಂಟ್ರೋಲ್ ಅನ್ನುವುದಕ್ಕೆ ಅರ್ಥವಿಲ್ಲ.

ಪಂಜರದಲ್ಲಿ ಹಾಸುವ ಬೆಡ್ಡಿಂಗ್‌ನ ಉಳಿತಾಯಕ್ಕೆ ಬೆಳಗಾವಿ ಕಡೆಯ ಕಬ್ಬಿನ ಸಿಪ್ಪೆಯನ್ನೂ ನೋಡಿದ್ದಾಯ್ತು. ಪುಕ್ಕಟೆ ಸಿಕ್ಕಿತು. 121 ಡಿಗ್ರಿ, ಅರ್ಧ ಗಂಟೆ ಆಟೋಕ್ಲೇವ್‌ನಲ್ಲಿ (ಒತ್ತಡದ ಹಬೆಯಲ್ಲಿ) ಬೆಂದಮೇಲೂ ಸಕ್ಕರೆ ಅಂಶ ಹೋಗಲಿಲ್ಲ. ಮೂತ್ರ ಬಿದ್ದ ಮೂರನೇ ದಿನಕ್ಕೆ ಬೂಷ್ಟು. ಗೋವಿನಜೋಳದ ಬೆಂಡನ್ನೇ 4-5 ಮಿ.ಮೀ.ಗೆ ಒಡೆಸಿ ದೂಳು ಜರಡಿ ಹಿಡಿಯುವುದು ಲೇಸು. ದೂಳು ಉಳಿದರೆ ಕಣ್ಣು-ಮೂಗಿನ ಸುತ್ತ ಕೆಂಪು ಕಟ್ಟುತ್ತದೆ. ಅದು ರಕ್ತವಲ್ಲ, ಕಣ್ಣಿನ ಹಿಂದಿನ ಗ್ರಂಥಿ ಸ್ರವಿಸುವ ಪಾರ್ಫಿರಿನ್ ಎಂಬ ಬಣ್ಣ.

ತಳಿ ಶುದ್ಧವೇ ಎನ್ನುವುದಕ್ಕೆ ಮೈಕ್ರೋಸ್ಯಾಟಲೈಟ್ ಎಂಬ ಡಿಎನ್‌ಎ ಪರೀಕ್ಷೆಗೆ ಕಳಿಸಿದರೆ ಪ್ರತಿ ಸ್ಯಾಂಪಲ್‌ಗೂ ಖರ್ಚು. ಐಎಇಸಿ (ಸಂಸ್ಥೆಯ ಪ್ರಾಣಿ ನೀತಿ ಸಮಿತಿ) ಅನುಮತಿ ಇದ್ದರೆ ಹಳೇ ಪದ್ಧತಿಯ ಚರ್ಮದ ಕಸಿಯೇ ಅಗ್ಗ: ಒಂದು ಇಲಿಯ ಚರ್ಮ ಇನ್ನೊಂದಕ್ಕೆ ಹಾಕಿದರೆ ಶುದ್ಧ ತಳಿಯಲ್ಲಿ ಅದು ಉಳಿಯುತ್ತದೆ. ಅರಿವಳಿಕೆಗೆ ಕೆಟಮಿನ್ 75, ಝೈಲಾಜಿನ್ 10 ಮಿ.ಗ್ರಾಂ/ಕೆ.ಜಿ., ಮೇಲೆ ನೋವಿಗೆ ಮೆಲಾಕ್ಸಿಕಾಮ್; ಬೆನ್ನಿನ ಒಂದು ಸೆಂ.ಮೀ. ಚರ್ಮ, ಕೊಬ್ಬು ಪೂರ್ತಿ ಕೆರೆದು. ಗಂಡಿನದನ್ನು ಹೆಣ್ಣಿಗೆ ಹಾಕಬೇಡಿ. ಗಂಡಿನಲ್ಲಷ್ಟೇ ಇರುವ ಎಚ್‌-ವೈ ಆಂಟಿಜೆನ್‌ನಿಂದ ಶುದ್ಧ ತಳಿಯಲ್ಲೂ ಹೆಣ್ಣಿನ ದೇಹ ಕಸಿಯನ್ನು ತಿರಸ್ಕರಿಸಬಹುದು. ಕಸಿ ಗುರುತಾಗಲು ತುಂಡನ್ನು ಕೂದಲು ತಲೆಯ ಕಡೆ ಬರುವಂತೆ ತಿರುಗಿಸಿ ಕೂಡಿಸಬೇಕು. ಪಟ್ಟಿ ಎಂಟನೇ ದಿನ ಬಿಚ್ಚಿ, ಎರಡು ವಾರಕ್ಕೆ ಕಪ್ಪಾಗಿ ಉದುರಲಿಲ್ಲ ಅಂತ ಹಿಗ್ಗದೆ 100 ದಿನ ಕಾಯಿರಿ. ನಮ್ಮ ಎಂಟರಲ್ಲಿ ಒಂದನ್ನು ಇಲಿಯೇ ಕೆರೆದು ಕಿತ್ತಿತು. ಉಳಿದ ಏಳರ ಬೆನ್ನ ಮೇಲೂ ಬಿಳಿ ಕೂದಲು ಉಲ್ಟಾ ಬೆಳೆದು ನಿಂತಿದೆ.